ಗೌರಮ್ಮನವರ ಮಷೀನಿಗೊಂದು ಕರ್ನಲ್

ಕಂಪ್ಯೂಟರ್ ಬೋರ್ಡು ಸುಟ್ಟು ಹೋಗಬಹುದಿತ್ತು. ತಾನಾಗಿ ಸುಡದಿದ್ದರೂ ನಾನೇ ವೈರನ್ನು ಅದಲುಬದಲಾಗಿ ಚುಚ್ಚಿ ಸುಟ್ಟುಬಿಡಬಹುದಿತ್ತು. ಮೋಟಾರು ಎಡಕ್ಕೆ ತಿರುಗುವ ಬದಲು ಬಲಕ್ಕೆ ತಿರುಗಿ, ಕಟ್ಟರ್ ಮುರಿದು, ಅದರ ಚೂರು ಹಾರಿ ಮಷೀನು ಓಡಿಸುವ ಗೌರಮ್ಮನವರ ಕಣ್ಣಿಗೆ ಬೀಳಬಹುದಿತ್ತು. ಅವರಿಗೆ ಕನ್ನಡಕ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡರೆ, ಅದೇ ಚೂರು ಶೆಡ್ಡಿನ ಯಜಮಾನ ಖಾದರ್ ಸಾಬರ ಕಡೆ ಹಾರಬಹುದಿತ್ತು. ಅವರು ಕನ್ನಡಕವನ್ನು ಸದಾ ಹಣೆಯ ಮೇಲೆ ಇಟ್ಟುಕೊಳ್ಳುವವರು. ಬೋರ್ಡಿಗೆ ಕರ್ನಲ್ ತುಂಬುವ ಹೊತ್ತಿಗೇ ಕರೆಂಟು ಹೋಗಬಹುದಿತ್ತು. ದಾವಣಗೆರೆಯಿಂದ ಹೊರಟ ಬಸ್ಸು ಬಾತಿಯ ಹತ್ತಿರ ಕೆಟ್ಟು ನಿಂತು, ಲ್ಯಾಪ್‌ಟಾಪಿನ ಚೀಲ ಮಳೆಯಲ್ಲಿ ನೆನೆಯಬಹುದಿತ್ತು. ಚೀಲವನ್ನು ನಾನು ಬಸ್ಸಿನಲ್ಲೇ ಮರೆತು ಇಳಿಯಬಹುದಿತ್ತು. ಪೆಟ್ಟಿಗೆಯೊಳಗೆ ಹಲ್ಲಿ ಹೋಗಬಹುದಿತ್ತು. ಇವೆಲ್ಲಕ್ಕಿಂತ ದೊಡ್ಡದಾಗಿ, ಇಪ್ಪತ್ತೆರಡು ವರ್ಷದಿಂದ ಪಾಲಿಟೆಕ್ನಿಕ್ಕಿನಲ್ಲಿ ಕರ್ನಲ್ ಬಗ್ಗೆ ಪಾಠ ಮಾಡುತ್ತಿರುವ ಈ ಮನುಷ್ಯ ಒಂದು ಸಲವೂ ತನ್ನ ಕೈಯಾರೆ ಕರ್ನಲ್ ಕಟ್ಟಿ ಎಬ್ಬಿಸಿದವನಲ್ಲ ಎಂಬುದು ಎರಡು ಊರಿಗೆ ಗೊತ್ತಾಗಬಹುದಿತ್ತು.

ಇದು ಉತ್ಪ್ರೇಕ್ಷೆಯಲ್ಲ. ಇವನ್ನೆಲ್ಲ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ನಂಬರ್ ಹಾಕಿ ಬರೆದಿಟ್ಟಿದ್ದೆ. ಒಟ್ಟು ಮೂವತ್ತೊಂದು. ಹಲ್ಲಿಯದು ಇಪ್ಪತ್ತಾರನೆಯದು.

ಹೋದ ವಾರ ನೆಂಟರ ಮನೆಯ ನಾಮಕರಣಕ್ಕೆಂದು ಹರಿಹರಕ್ಕೆ ಹೋಗಿದ್ದೆ. ಆಟೋದವನು ಕೈಗಾರಿಕಾ ಪ್ರದೇಶದ ಒಳದಾರಿ ಹಿಡಿದ. ಸಾಲು ಶೆಡ್ಡುಗಳ ನಡುವೆ ಒಂದು ಕಡೆ ಆ ವಾಸನೆ ಬಂತು: ಕಾದ ಉಕ್ಕಿನ ಮೇಲೆ ಅದನ್ನು ತಣಿಸುವ ಹಾಲಿನ ಬಣ್ಣದ ಕೂಲೆಂಟ್ ಸುರಿದಾಗ ಏಳುವ ವಾಸನೆ. ಹುಳಿ ಮಜ್ಜಿಗೆಗೆ ಸೀಮೆಎಣ್ಣೆಯ ಒಗ್ಗರಣೆ ಕೊಟ್ಟರೆ ಹೀಗಿರಬಹುದೇನೋ. ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಆಟೋ ನಿಲ್ಲಿಸಿ ಎಂದೆ. ನಾಲ್ಕು ವರ್ಷದ ಹಿಂದಿನ ಆ ಮಳೆಗಾಲ, ಆಷಾಢದಿಂದ ಆಯುಧಪೂಜೆಯವರೆಗಿನ ಅಷ್ಟೂ ದಿನಗಳು, ಮೂಗಿನ ತುದಿಯಲ್ಲಿ ಬಂದು ಕೂತಿದ್ದವು.

ಆ ವರ್ಷ ಒಂದು ಮಧ್ಯಾಹ್ನ ನಾನು ತರಗತಿಯಲ್ಲಿ ಪ್ರತಿ ವರ್ಷ ಬರೆಯುವ ಚಿತ್ರವನ್ನೇ ಬರೆಯುತ್ತಿದ್ದೆ. ಒಂದರೊಳಗೊಂದು ಮೂರು ವೃತ್ತ. ನಡುಮಧ್ಯದಲ್ಲಿ ಯಂತ್ರ, ಹೊರಗೆ ನಾವು ಬಳಸುವ ಪ್ರೋಗ್ರಾಂಗಳು, ಅವೆರಡರ ನಡುವೆ ಕರ್ನಲ್. ಪ್ರೋಗ್ರಾಂಗೆ ಯಂತ್ರದ ಒಳಗುಟ್ಟು ಗೊತ್ತಿಲ್ಲ, ಯಂತ್ರಕ್ಕೆ ಪ್ರೋಗ್ರಾಂನ ಗೊಡವೆಯಿಲ್ಲ. ನಡುವೆ ನಿಂತು ಇಬ್ಬರ ಕೆಲಸವನ್ನೂ ನಡೆಸಿಕೊಡುವ ಆಪರೇಟಿಂಗ್ ಸಿಸ್ಟಂನ ತಿರುಳೇ ಕರ್ನಲ್ ಎಂದು ಹೇಳುತ್ತಿದ್ದಾಗ ಬಾಗಿಲಲ್ಲಿ ಯಾರೋ ಕೆಮ್ಮಿದರು. ಅರವತ್ತು ದಾಟಿದವರು, ಎಣ್ಣೆಯ ಕಲೆಯಿದ್ದ ಅಂಗಿ, ಹಣೆಯ ಮೇಲೆ ಕನ್ನಡಕ. ನಮ್ಮ ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿಗೆ ಬಿಡಿಭಾಗ ಮಾಡಿಕೊಡುತ್ತಿದ್ದ ಹರಿಹರದ ಖಾದರ್ ಸಾಬರು.

"ಮೇಷ್ಟ್ರೆ, ಆ ನಡುವಿನ ಉಂಗುರ ಐತಲ್ಲ, ಅದು ನನಗೆ ಒಂದು ಬೇಕು."

ಹುಡುಗರು ನಕ್ಕರು. ಸಾಬರು ನಗಲಿಲ್ಲ. ಅದರ ಸೈಜು ಎಷ್ಟು ಎಂದು ಅವರು ಕೇಳುವುದೊಂದೇ ಬಾಕಿ.

ಅವರ ಜೊತೆ ಹರಿಹರಕ್ಕೆ ಹೋಗಿ ನೋಡಿದೆ. ಅವರ ಶೆಡ್ಡಿನಲ್ಲಿ ಎಂಟು ಮಷೀನುಗಳಿದ್ದವು. ಏಳು ಕೈಯಿಂದ ಓಡಿಸುವಂಥವು. ಎಂಟನೆಯದು ಗೇರಿನ ಹಲ್ಲು ಕತ್ತರಿಸುವ ಮಷೀನು. ಅದಕ್ಕೆ ಮಾತ್ರ ಕಂಪ್ಯೂಟರ್ ಇತ್ತು. ಅದನ್ನು ಓಡಿಸುತ್ತಿದ್ದವರು ಗೌರಮ್ಮ. ಹದಿನಾಲ್ಕು ವರ್ಷದ ಹಿಂದೆ ಶೆಡ್ಡಿಗೆ ಕಸ ಗುಡಿಸಲು ಬಂದ ಹೆಂಗಸು, ಗುಡಿಸುತ್ತ ಗುಡಿಸುತ್ತ ಆ ಮಷೀನಿನ ಮುಂದೆ ನಿಂತು ನೋಡಿ, ನೋಡಿ ಕಲಿತು, ಕಡೆಗೆ ಅವರ ಹೊರತು ಬೇರೆ ಯಾರಿಗೂ ಅದು ಬಗ್ಗದಂತಾಗಿತ್ತು. ಆಷಾಢದಲ್ಲಿ ಅದರ ಕಂಪ್ಯೂಟರ್ ಸತ್ತಿತು. ಧೂಳಿಗೆ ಸತ್ತ ಮೂರನೆಯ ಕಂಪ್ಯೂಟರದು. ಅದಕ್ಕೆ ಹೊಂದುವಂಥ ಹಳೆಯ ಪಿ.ಸಿ. ಇನ್ನು ಸಿಗುವುದಿಲ್ಲ ಎಂದರು. ಪ್ರೋಗ್ರಾಂ ಬರೆದಿಟ್ಟ ಮೂಲಪ್ರತಿ ಮಾತ್ರ ಹಾರ್ಡ್ ಡಿಸ್ಕಿನಲ್ಲಿ ಉಳಿದುಕೊಂಡಿತ್ತು. ಸಾಬರು ಯಾರನ್ನೂ ಕೇಳದೆ ಅಂಗೈಯಗಲದ ಒಂದು ಬೋರ್ಡು ತಂದುಬಿಟ್ಟಿದ್ದರು.

"ಯಾಕ ಇದನ್ನೇ ತಂದ್ರಿ?" ಎಂದೆ.

"ಫ್ಯಾನ್ ಇಲ್ಲ ನೋಡ್ರಿ. ಫ್ಯಾನ್ ಇಲ್ಲ ಅಂದ್ರೆ ಪೆಟ್ಟಿಗೆ ಮುಚ್ಚಬಹುದು. ಪೆಟ್ಟಿಗೆ ಮುಚ್ಚಿದ್ರೆ ಧೂಳಿಲ್ಲ."

ತರ್ಕದಲ್ಲಿ ತಪ್ಪಿರಲಿಲ್ಲ. ತೊಂದರೆಯೆಂದರೆ ಆ ಬೋರ್ಡಿನ ಪ್ರೊಸೆಸರ್ ಆರ್ಮ್ ಜಾತಿಯದು. ಪಿ.ಸಿ.ಯದು ಬೇರೆ ಜಾತಿ. ಒಂದಕ್ಕೆ ಕಟ್ಟಿದ ಕರ್ನಲ್ ಇನ್ನೊಂದಕ್ಕೆ ನಾಯಿಗೆ ಕೊಟ್ಟ ತೆಂಗಿನಕಾಯಿ. ಬೋರ್ಡಿನ ಜೊತೆ ಬಂದಿದ್ದ ಕರ್ನಲ್ಲೋ ಟೀವಿಯಲ್ಲಿ ಸಿನಿಮಾ ತೋರಿಸಲು ಮಾಡಿದ್ದು; ಕ್ಷಣ ಹಿಂದುಮುಂದಾದರೆ ಸಿನಿಮಾಕ್ಕೇನೂ ಆಗದು, ಗೇರಿನ ಹಲ್ಲು ಮಾತ್ರ ಹಾಳು.

"ದಸರಾದೊಳಗೆ ಓಡಿದ್ರೆ ಇರ್ತೈತೆ ಮೇಷ್ಟ್ರೆ. ಸುಗ್ಗಿಗೆ ಮುಂಚೆ ಅಕ್ಕಿ ಗಿರಣಿಯವರು ಗೇರ್ ಕೇಳಿಕೊಂಡು ಬರ್ತಾರೆ. ಅವಾಗ ಇಲ್ಲ ಅಂದ್ರೆ ಬೇರೆ ಕಡೆ ಹೋಗ್ತಾರೆ, ಮತ್ತೆ ತಿರುಗಿ ಬರಲ್ಲ. ಆಮ್ಯಾಲೆ ಇದನ್ನ ಇಟ್ಕಂಡು ಏನು ಮಾಡ್ಲಿ? ಗುಜರಿಯವನು ಆಗ್ಲೇ ಬಂದು ಒದ್ದು ನೋಡಿ ಹೋಗ್ಯಾನೆ."

ಗೌರಮ್ಮ ಆ ಹೊತ್ತಿಗೆ ಕೈಯಲ್ಲಿ ಪೊರಕೆ ಹಿಡಿದು ನಿಂತಿದ್ದರು. ಮಷೀನು ನಿಂತ ಮೇಲೆ ಹಳೆಯ ಕೆಲಸಕ್ಕೇ ಮರಳಿದ್ದರು.

"ಪೊರಕೆ ಹಿಡಿಯೋಕೆ ನನಗೇನು ನಾಚಿಕೆ ಇಲ್ಲ ಸರ್," ಎಂದರು. "ಆದ್ರೆ ಈ ಕೈ ಮರೆತುಬಿಡ್ತೈತೆ. ಅದು ಮರೀಬಾರದು."

ಆಗುವುದಿಲ್ಲ ಎನ್ನಲು ಬಾಯಿ ತೆರೆದವನು ಆಗಲಿ ಎಂದುಬಿಟ್ಟೆ. ಚಿಂತೆಗಾರರ ಕಷ್ಟವೇ ಇದು. ಒಪ್ಪಿಕೊಳ್ಳಲು ಹೆದರುತ್ತೇವೆ, ಒಲ್ಲೆ ಎನ್ನಲು ಇನ್ನಷ್ಟು ಹೆದರುತ್ತೇವೆ.

ಕರ್ನಲ್ ಕಟ್ಟುವುದೆಂದರೆ ಪ್ರಶ್ನೆಗಳಿಗೆ ಉತ್ತರ ಕೊಡುವುದು. ಸಾವಿರಾರು ಪ್ರಶ್ನೆ. ಯಾವ ಜಾತಿಯ ಪ್ರೊಸೆಸರ್ ಎಂದು ಮೊದಲೇ ಹೇಳಿಬಿಟ್ಟರೆ ಒಂದಷ್ಟು ಕಳಚುತ್ತವೆ. ಉಳಿದವು ಪಟ್ಟಿಯಾಗಿ ಬರುತ್ತವೆ. ಇದು ಬೇಕೇ? ಅದು ಬೇಕೇ? ಬೇಕೆಂದರೆ ವೈ, ಬೇಡವೆಂದರೆ ಎನ್. ಕೆ.ಬಿ. ಬಡಾವಣೆಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಹೊರಗೆ ಜಿಟಿಜಿಟಿ ಮಳೆ ಹಿಡಿದಿದ್ದ ಎರಡು ಭಾನುವಾರ ನಾನು ಉತ್ತರ ಕೊಟ್ಟೆ. ಎಲ್ಲಕ್ಕೂ ವೈ. ಜಾಯ್‌ಸ್ಟಿಕ್ ಬೇಕೇ? ವೈ. ರಿಮೋಟ್ ಕಂಟ್ರೋಲ್? ವೈ. ಹವ್ಯಾಸಿ ರೇಡಿಯೋ? ಅದೇನೆಂದು ನನಗೆ ಸರಿಯಾಗಿ ಗೊತ್ತಿರಲಿಲ್ಲ, ಆದರೂ ವೈ. ಗೇರು ಕತ್ತರಿಸುವ ಮಷೀನಿಗೆ ಜಾಯ್‌ಸ್ಟಿಕ್ ಯಾಕೆ ಎನ್ನುತ್ತೀರಾ? ನಾಳೆ ಯಾರಾದರೂ ತಂದು ಚುಚ್ಚಿದರೆ?

ನನ್ನ ಹೆಂಡತಿ ಸುಮಾ ಹೆಗಲ ಮೇಲಿಂದ ಇಣುಕಿ, "ಏನ್ರೀ, ಒಂದಕ್ಕೂ ಬ್ಯಾಡ ಅಂತ ಹೇಳಲ್ವಲ್ಲ ನೀವು?" ಎಂದಳು.

"ಬೇಕಾದ್ರೆ ಇರ್ಲಿ ಅಂತ."

"ಒಂದು ದಿನದ ಮದುವೆಗೆ ಇಸ್ತ್ರಿಪೆಟ್ಟಿಗೆ ಹೊತ್ಕೊಂಡು ಬಂದೋರು ನೀವು. ಪಾಪ, ಆ ಮಷೀನು."

ಲ್ಯಾಪ್‌ಟಾಪ್ ಮೂರು ಗಂಟೆ ಮಿಕ್ಸಿಯ ಹಾಗೆ ಕೂಗಿ ಕರ್ನಲ್ ಕಟ್ಟಿತು. ಹನ್ನೊಂದು ಎಂ.ಬಿ. ಬೋರ್ಡಿನಲ್ಲಿ ಕರ್ನಲ್ಲಿಗೆಂದು ಮೀಸಲಿದ್ದ ಜಾಗ ಎಂಟು. ಮುಂದಿನ ಭಾನುವಾರ ಹರಿಹರಕ್ಕೆ ಹೋಗಿ, ಹಿಡಿಸುತ್ತಿಲ್ಲ, ಬೇರೆ ದೊಡ್ಡ ಬೋರ್ಡೇ ಬೇಕಾಗುತ್ತದೆ ಎಂದು ಸಾಬರಿಗೆ ಒಪ್ಪಿಸಿದೆ. ಅವರ ಶೆಡ್ಡಿಗೆ ರಜೆ ಶುಕ್ರವಾರ, ಭಾನುವಾರ ಎಲ್ಲ ಮಷೀನೂ ಓಡುತ್ತಿರುತ್ತಿದ್ದವು. ಸಾಬರು ಲೇತಿನ ಮೇಲೆ ಒಂದು ಶಾಫ್ಟ್ ತಿರುಗಿಸುತ್ತಿದ್ದವರು, ನಿಲ್ಲಿಸದೆಯೇ ಕೇಳಿದರು:

"ಇದು ರಾಡ್ ಇತ್ತು ಮೇಷ್ಟ್ರೆ, ಈಗ ಶಾಫ್ಟ್ ಆಗ್ತೈತೆ. ನಾನು ಇದಕ್ಕೆ ಏನು ಸೇರಿಸಿದೆ?"

"ಏನೂ ಇಲ್ಲ."

"ತೆಗೆದೆ. ಬ್ಯಾಡಾದ್ದು ತೆಗೆದ್ರೆ ಉಳಿಯೋದೇ ಕೆಲಸದ ವಸ್ತು. ನೀವು ರಾಡ್‌ನೇ ತಂದು ಬೇರಿಂಗ್‌ನಾಗೆ ತುರುಕ್ತೀನಿ ಅಂತೀರಿ."

"ಎಷ್ಟು ತೆಗೀಬೇಕು ಅಂತ ನಿಮಗೆ ಡ್ರಾಯಿಂಗ್ ಇರುತ್ತೆ ಸಾಬ್ರೆ. ನನಗೇನಿದೆ?"

"ಅಷ್ಟು ದೊಡ್ಡ ಮಷೀನು ಕಣ್ಣ ಮುಂದೆ ನಿಂತೈತಲ್ಲ, ಅದೇ ಡ್ರಾಯಿಂಗು. ಮುಟ್ಟಿ ನೋಡ್ರಿ. ಕೈಗೆ ಸಿಕ್ಕಿದ್ದಕ್ಕೆ ಹೂಂ ಅನ್ರಿ. ಸಿಗದೇ ಇದ್ದಿದ್ದಕ್ಕೆ ಇಲ್ಲ ಅನ್ರಿ. ಗೌರಮ್ಮ, ಸೀಮೆಸುಣ್ಣ ತಗಂಬಾ."

ಅದು ಅವರ ಶೆಡ್ಡಿನ ಪದ್ಧತಿ. ಯಾವ ಮಷೀನನ್ನೂ ಬಿಚ್ಚುವ ಮುಂಚೆ ಪ್ರತಿ ಭಾಗದ ಮೇಲೂ ಸೀಮೆಸುಣ್ಣದಿಂದ ನಂಬರ್ ಬರೆಯುತ್ತಾರೆ. ಬರೆಯದ ಭಾಗಕ್ಕೆ ಯಾರೂ ಸ್ಪ್ಯಾನರ್ ಹಾಕುವಂತಿಲ್ಲ. ಗೌರಮ್ಮ ಮಷೀನಿನ ಸುತ್ತ ಬಗ್ಗಿ, ಕೂತು, ಮಲಗಿ ಒಂದೊಂದೇ ತೋರಿಸಿದರು. ಇದು ಮೇಜು ಸರಿಸೋ ಮೋಟಾರು, ಒಂದು. ಇದು ಕಟ್ಟರ್ ತಿರುಗಿಸೋದು, ಎರಡು. ಮೇಜು ತುದಿಗೆ ಬಂದ್ರೆ ನಿಲ್ಲಿಸೋ ಸ್ವಿಚ್ಚು ಇದು. ಈ ಕೆಂಪು ಗುಂಡಿ ಒತ್ತಿದ್ರೆ ಎಲ್ಲಾ ಬಂದ್. ಇದು ಸ್ಟಿಕರ್ ಹೊಡೆಯೋ ಪ್ರಿಂಟರು. ಒಟ್ಟು ಹತ್ತೊಂಬತ್ತು ಗುರುತು. ಹತ್ತೊಂಬತ್ತರಲ್ಲಿ ಜಾಯ್‌ಸ್ಟಿಕ್ ಇರಲಿಲ್ಲ.

ಮನೆಗೆ ಬಂದು ಮತ್ತೆ ಮೊದಲಿನಿಂದ ಕೂತೆ. ಈ ಸಲ ಎನ್, ಎನ್, ಎನ್. ಮೊದಲ ಐವತ್ತು ಎನ್ ಒತ್ತುವಾಗ ಪ್ರತಿ ಪ್ರಶ್ನೆಯನ್ನೂ ಎರಡೆರಡು ಸಲ ಓದಿದೆ. ಆಮೇಲೆ, ಹೇಳಿದರೆ ನಗುತ್ತೀರಿ, ಒಂದು ಥರದ ಅಮಲೇರಿತು. ನಲವತ್ತೆಂಟು ವರ್ಷ ಎಲ್ಲದಕ್ಕೂ "ಇರಲಿ" ಎಂದವನು ಒಂದೇ ದಿನ ಸಾವಿರ ಸಲ "ಬೇಡ" ಎಂದೆ. ಒಂದಕ್ಕೆ ಮಾತ್ರ ಗಟ್ಟಿಯಾಗಿ ವೈ: ಬೇರೆ ಏನೇ ಕೆಲಸ ನಡೆದಿರಲಿ, ಮೋಟಾರಿನ ಸರದಿ ಬಂದ ಕ್ಷಣ ಬಿಟ್ಟು ಎದ್ದು ಬರಬೇಕು ಎಂಬ ಆಯ್ಕೆ. ಗೌರಮ್ಮನವರ ಹತ್ತೊಂಬತ್ತು ಗುರುತು ಇನ್ನೊಂದಕ್ಕೂ ಆಯಿತು. ಪಿ.ಸಿ. ಎದ್ದ ಕೂಡಲೇ ತನ್ನ ಅಕ್ಕಪಕ್ಕ ಯಾರಿದ್ದಾರೆಂದು ಬಹುಮಟ್ಟಿಗೆ ತಾನೇ ವಿಚಾರಿಸಿಕೊಳ್ಳುತ್ತದೆ. ಇಂಥ ಆರ್ಮ್ ಬೋರ್ಡಿಗೆ ಆ ವಾಡಿಕೆಯಿಲ್ಲ. ತನ್ನ ಯಾವ ಪಿನ್ನಿಗೆ ಯಾವ ವೈರು ಎಂದು ಮೊದಲೇ ಚೀಟಿ ಬರೆದು ಕೈಗಿಡಬೇಕು. ಸೀಮೆಸುಣ್ಣದ ನಂಬರುಗಳನ್ನು ಸಾಲಾಗಿ ಆ ಚೀಟಿಗೆ ಇಳಿಸಿದೆ. ಕರ್ನಲ್ ನಾಲ್ಕು ಎಂ.ಬಿ.ಗೆ ಬಂದು ನಿಂತಿತು.

ಬೋರ್ಡಿಗೆ ತುಂಬಿ, ಅದರಿಂದ ಲ್ಯಾಪ್‌ಟಾಪಿಗೆ ಒಂದು ವೈರು ಎಳೆದು, ಸ್ವಿಚ್ ಹಾಕಿದೆ. ಪರದೆಯ ಮೇಲೆ "ಕರ್ನಲ್ ಶುರುವಾಗುತ್ತಿದೆ" ಎಂಬರ್ಥದ ಒಂದು ಸಾಲು ಬಂತು. ಅಷ್ಟೇ. ಆಮೇಲೆ ಏನೂ ಇಲ್ಲ.

ಹನ್ನೊಂದು ದಿನ ಏನೂ ಇಲ್ಲ. ಕಾಲೇಜು ಮುಗಿಸಿ ನಾಲ್ಕೂವರೆಯ ಬಸ್ಸು ಹಿಡಿದು ಹೋಗುವುದು, ಒಂದು ಉತ್ತರ ಬದಲಿಸುವುದು, ಸ್ವಿಚ್ ಹಾಕುವುದು, ಅದೇ ಒಂದು ಸಾಲು ನೋಡಿಕೊಂಡು ವಾಪಸಾಗುವುದು. ತುಂಗಭದ್ರೆ ಆಗ ಕೆಂಪಗೆ ತುಂಬಿ ಹರಿಯುತ್ತಿದ್ದಳು. ನೋಡಲು ಊರೇ ಸೇತುವೆಗೆ ಹೋದರೂ ನಾನು ಹೋಗಲಿಲ್ಲ. ಗೌರಮ್ಮ ದಿನಾ ಚಹಾ ತಂದಿಟ್ಟು, "ಇವತ್ತು ಹೆಂಗೆ ಸರ್?" ಎನ್ನುವರು. ಮೂರು ದಿನದ ನಂತರ ಕೇಳುವುದನ್ನು ಬಿಟ್ಟರು. ಚಹಾ ಬಿಡಲಿಲ್ಲ. ಕೇಳದೆ ಚಹಾ ಕೊಡುವವರ ಮುಂದೆ ಕೂರುವುದು ಕಷ್ಟ.

ಹನ್ನೆರಡನೆಯ ದಿನ ಗೊತ್ತಾಯಿತು. ಬೋರ್ಡಿಗೆ ಮಾತಾಡಲು ಮೂರು ಬಾಗಿಲು. ಕರ್ನಲ್ಲಿಗೆ ನಾನು ಒಂದನೆಯದರಲ್ಲಿ ಮಾತಾಡು ಎಂದು ಬರೆದಿದ್ದೆ, ವೈರು ಚುಚ್ಚಿದ್ದು ಮೂರನೆಯದಕ್ಕೆ. ಕಾಣುತ್ತಿದ್ದ ಆ ಒಂದು ಸಾಲು ಕರ್ನಲ್ಲಿನದಲ್ಲ, ಅದನ್ನು ಎಬ್ಬಿಸುವ ಬೋರ್ಡಿನದೇ ಪುಟ್ಟ ಪ್ರೋಗ್ರಾಂನದು. ಅದು ಅಷ್ಟೂ ದಿನ ಪಾಪ ಸರಿಯಾಗಿಯೇ ಎದ್ದು ಮಾತಾಡುತ್ತಿತ್ತು. ನಾನು ಬೇರೆ ಮನೆಯ ಬಾಗಿಲಿಗೆ ಕಿವಿಯಿಟ್ಟು ಕೂತು ಅಳುತ್ತಿದ್ದೆ. ವೈರು ಬದಲಿಸಿ ಸ್ವಿಚ್ ಹಾಕಿದಾಗ ಸಾಲಿನ ಮೇಲೆ ಸಾಲು ಸುರಿದು ಬಂತು: ಮೆಮೊರಿ ಸಿಕ್ಕಿತು, ಒಂದನೇ ಮೋಟಾರು ಸಿಕ್ಕಿತು, ಎರಡನೆಯದು ಸಿಕ್ಕಿತು. ನಾನು ಕುರ್ಚಿಯಿಂದ ಎದ್ದೆ. ಎದ್ದದ್ದು ಯಾಕೆಂದು ಗೊತ್ತಿಲ್ಲ, ರಾಷ್ಟ್ರಗೀತೆ ಕೇಳಿದಂತೆ ಎದ್ದುನಿಂತೆ.

"ಬಾಯಿ ಬಂತಾ ಸರ್?" ಎಂದರು ಗೌರಮ್ಮ.

"ಬಂತಮ್ಮ."

ಅವರು ಪೊರಕೆಯನ್ನು ಗೋಡೆಗೆ ಒರಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದು ಮಷೀನಿನ ಮುಂದೆ ನಿಂತರು.

ಅಂದಿನಿಂದ ನೈಲಾನ್ ತುಂಡುಗಳ ಮೇಲೆ ಪರೀಕ್ಷೆ. ಓಡುತ್ತಿತ್ತು. ಕಂಪ್ಯೂಟರಿನ ಲೆಕ್ಕದಲ್ಲಿ ಎಲ್ಲ ಸರಿ ಇತ್ತು. ನಾನು ಎದೆಯುಬ್ಬಿಸಿ ಸಾಬರಿಗೆ ಕಾಗದ ತೋರಿಸುತ್ತಿದ್ದರೆ ಗೌರಮ್ಮ ಮಾತ್ರ ತಲೆ ಒಂದು ಕಡೆ ವಾಲಿಸಿ ಕಣ್ಣು ಮುಚ್ಚಿ ನಿಂತಿದ್ದರು.

"ಸರ್, ಇದು ಮಧ್ಯ ಮಧ್ಯ ಉಸಿರು ಹಿಡೀತೈತೆ."

"ಇಲ್ಲಮ್ಮ, ಎಲ್ಲಾ ಸರಿ ತೋರಿಸ್ತಾ ಇದೆ."

"ತೋರಿಸಬಹುದು ಸರ್. ನಾನು ಕೇಳಿದ್ದು ಹೇಳಿದೆ. ಮೊದ್ಲು ಹಿಂಗಿರ್ಲಿಲ್ಲ."

ನನಗೇನೂ ಕೇಳಿಸಲಿಲ್ಲ. ಎಂಟು ಮಷೀನಿನ ಗದ್ದಲದಲ್ಲಿ ನನಗೆ ನನ್ನ ಮಾತೇ ಕೇಳಿಸುತ್ತಿರಲಿಲ್ಲ. ಆದರೂ ಮೋಟಾರಿನ ಸರದಿ ಎಷ್ಟು ತಡವಾಗುತ್ತದೆಂದು ಅಳೆಯುವ ಪ್ರೋಗ್ರಾಂ ಅನ್ನು ಬರೀ ಹತ್ತು ನಿಮಿಷದ ಬದಲು ಇಡೀ ಮಧ್ಯಾಹ್ನ ಓಡಲು ಬಿಟ್ಟೆ. ಸಂಜೆ ನೋಡಿದರೆ ನಿಜ. ಆಗೊಮ್ಮೆ ಈಗೊಮ್ಮೆ ಮೋಟಾರಿನ ಸರದಿ ಒಂದು ಕೂದಲೆಳೆಯಷ್ಟು ತಡವಾಗುತ್ತಿತ್ತು. ಕಾರಣ ನಾನೇ. ಮುಚ್ಚಿದ ಪೆಟ್ಟಿಗೆಯಲ್ಲಿ ಬೋರ್ಡು ಕಾದುಬಿಟ್ಟರೆ ಎಂಬ ಭಯ, ಪಟ್ಟಿಯಲ್ಲಿ ನಾಲ್ಕನೆಯದು. ಆ ಭಯಕ್ಕೆ, ಸಾವಿರ ಎನ್‌ಗಳ ನಡುವೆ ವಿದ್ಯುತ್ ಉಳಿಸುವ ಆಯ್ಕೆಗಳಿಗೆಲ್ಲ ಕದ್ದು ವೈ ಒತ್ತಿದ್ದೆ. ಕೆಲಸ ಕಡಿಮೆಯಾದಾಗ ಪ್ರೊಸೆಸರ್ ತೂಕಡಿಸುತ್ತಿತ್ತು; ಕರೆದರೆ ಕಣ್ಣುಜ್ಜಿಕೊಂಡು ಏಳುತ್ತಿತ್ತು. ಆ ವೈಗಳನ್ನೂ ಎನ್ ಮಾಡಿದೆ. ಪೆಟ್ಟಿಗೆ ಬಿಸಿ ಅನ್ನ ಬಡಿಸಿದ ತಟ್ಟೆಯಷ್ಟು ಬೆಚ್ಚಗಾಯಿತು, ಅಷ್ಟೆ. ಮರುದಿನ ಗೌರಮ್ಮ ಕಣ್ಣು ಮುಚ್ಚಿ ಕೇಳಿದರು. ಕಣ್ಣು ತೆರೆದು, "ಹಾಂ," ಎಂದರು. ಇಪ್ಪತ್ತೆರಡು ವರ್ಷದಲ್ಲಿ ನನಗೆ ಸಿಕ್ಕ ಅತಿ ಚಿಕ್ಕ ಪ್ರಮಾಣಪತ್ರ.

ಉಕ್ಕಿನ ಮೇಲೆ ಮೊದಲ ಗೇರು ಕತ್ತರಿಸಿದ್ದು ಆಯುಧಪೂಜೆಯ ಬೆಳಿಗ್ಗೆ. ಬೇಕೆಂದೇ ಆ ದಿನ ಇಟ್ಟುಕೊಂಡದ್ದಲ್ಲ. ನನ್ನ ಪರೀಕ್ಷೆಗಳು ಮುಗಿಯುವುದೇ ಅಲ್ಲಿಗೆ ಬಂತು. ಆ ಶೆಡ್ಡಿನಲ್ಲಿ ನಿಂತ ಮಷೀನಿಗೆ ಹೂ ಹಾಕುವುದಿಲ್ಲ. ಹೂವು ತರುವುದು ಪ್ರತಿ ವರ್ಷ ಸಾಬರೇ, ಪೂಜೆ ಮಾಡುವುದು ಕೆಲಸಗಾರರು. ಏಳು ಮಷೀನಿಗೆ ಸೇವಂತಿಗೆಯ ಮಾಲೆ ಬಿದ್ದಾಗಿತ್ತು, ಕುಂಕುಮ ಬಳಿದಾಗಿತ್ತು, ಮಂಡಕ್ಕಿಯ ಚೀಲ ಬಿಚ್ಚಿಟ್ಟಿತ್ತು. ಎಂಟನೆಯ ಮಾಲೆ ಬುಟ್ಟಿಯಲ್ಲೇ ಇತ್ತು. ಎಲ್ಲರೂ ನನ್ನನ್ನು ನೋಡುತ್ತಿದ್ದರು. ನಾನು ಮನಸ್ಸಿನಲ್ಲೇ ಪಟ್ಟಿಯನ್ನು ಒಂದರಿಂದ ಮೂವತ್ತೊಂದರವರೆಗೆ ಓದಿಕೊಳ್ಳುತ್ತಿದ್ದೆ.

ಗೌರಮ್ಮ ಹಸಿರು ಗುಂಡಿ ಒತ್ತಿದರು. ಕೂಲೆಂಟ್ ಸುರಿಯಿತು. ಆ ವಾಸನೆ ಎದ್ದಿತು. ಒಂದೊಂದೇ ಹಲ್ಲು ಹೊಳೆಯುತ್ತ ಹೊರಬಂತು. ಮೋಟಾರು ಒಂದೇ ಉಸಿರಿನಲ್ಲಿ ಹಾಡಿತು. ಆ ದಿನ ನನಗೂ ಕೇಳಿಸಿತು. ಮುಗಿದ ಗೇರನ್ನು ಒರೆಸಿ ಸಾಬರ ಕೈಗೆ ಕೊಟ್ಟರು. ಸಾಬರು ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡರು. ಅವರನ್ನು ಕಂಡ ಅಷ್ಟೂ ದಿನಗಳಲ್ಲಿ ಅದು ಇಳಿದದ್ದು ಅದೊಂದೇ ಸಲ. ಮೈಕ್ರೊಮೀಟರ್ ಹಿಡಿದು ಒಂದು ಕಡೆ ಅಳೆದರು, ತಿರುಗಿಸಿ ಅಳೆದರು, ಮತ್ತೊಂದು ಕಡೆ ಅಳೆದರು.

"ಕೂಡ್ರಿ ಮೇಷ್ಟ್ರೆ, ಯಾಕ ನಿಂತೀರಿ," ಎಂದರು ತಲೆಯೆತ್ತದೆ.

ಕೂರುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಕೊನೆಗೆ ಕನ್ನಡಕ ಹಣೆಗೆ ಏರಿತು. "ಗೌರಮ್ಮ," ಎಂದರು, "ಆ ಹೂವು ತಗಂಬಾರವ್ವ."

ಹೊಗಳಿಕೆ ಅಷ್ಟೇ. ಗೌರಮ್ಮ ಮಾಲೆ ಹಾಕಿದರು. ಮಾಲೆ ಹಾಕಿ, ಗೋಡೆಗೆ ಒರಗಿದ್ದ ಪೊರಕೆಯನ್ನು ಎತ್ತಿಕೊಂಡು ಹೋಗಿ ಹಿಂದಿನ ಕೋಣೆಯಲ್ಲಿಟ್ಟು ಬಾಗಿಲು ಎಳೆದು ಬಂದರು. ನಾನು ಕಟ್ಟಿದ ಕರ್ನಲ್ಲು. ನಾನು ಒಂದೊಂದಾಗಿ ಹೂಂ, ಇಲ್ಲ ಎಂದು ಕೊಟ್ಟ ಉತ್ತರಗಳ ಮೇಲೆ ಉಕ್ಕು ಕತ್ತರಿಸಿತ್ತು. ವಾಪಸು ಬರುವಾಗ ತಡೆಯಲಾರದೆ ಬಸ್ಸಿನ ಕಂಡಕ್ಟರಿಗೂ ಹೇಳಿದೆ. "ಒಳ್ಳೇದಾತು, ಸ್ವಲ್ಪ ಒಳಗೆ ಹೋಗ್ರಿ," ಎಂದ.

ಹಾಗಾದರೆ ಮೂವತ್ತೊಂದರಲ್ಲಿ ಕೆಟ್ಟದ್ದೇನು? ಒಂದೂ ಅಲ್ಲ, ಕೆಟ್ಟದ್ದು ಪಟ್ಟಿಯಲ್ಲೇ ಇಲ್ಲದ್ದು. ಮಾಲೆ ಬಿದ್ದ ಮೇಲೆ, ಮಂಡಕ್ಕಿ ಹಂಚುತ್ತಿದ್ದಾಗ, ಆ ಮೊದಲ ಗೇರಿನ ಸ್ಟಿಕರ್ ಪ್ರಿಂಟರಿನಿಂದ ಹೊರಬಂತು. ಕೆಲಸದ ನಂಬರು ಸರಿಯಿತ್ತು. ಅದರ ಕೆಳಗೆ ತಾರೀಖು: ೧೯೭೦, ಜನವರಿ ಒಂದು.

ನನ್ನ ಬಾಯಿಯ ಮಂಡಕ್ಕಿ ಬಾಯಲ್ಲೇ ಉಳಿಯಿತು. ಹೊತ್ತು ಗೊತ್ತಿಲ್ಲದ ಕರ್ನಲ್ ಎದ್ದರೆ ಅದರ ಪಾಲಿಗೆ ಕಾಲ ಆರಂಭವಾಗುವುದು ಆ ದಿನದಿಂದಲೇ. ಪೆಟ್ಟಿಗೆ ತೆಗೆದು ಬೋರ್ಡನ್ನು ಮಗುಚಿದೆ. ಅಡಿಯಲ್ಲಿ, ಗುಂಡಿಯಷ್ಟು ಬ್ಯಾಟರಿಯ ಪಕ್ಕ, ಅಕ್ಕಿಕಾಳಿನಷ್ಟು ಗಡಿಯಾರದ ಚಿಪ್ ಕೂತಿತ್ತು. ಹತ್ತೊಂಬತ್ತು ಗುರುತುಗಳಲ್ಲಿ ಅದಿರಲಿಲ್ಲ, ಸೀಮೆಸುಣ್ಣ ಅಲ್ಲಿಗೆ ಹೋಗಿರಲಿಲ್ಲ. ಅಮಲಿನಲ್ಲಿ ನಾನು ಗಡಿಯಾರದ ಪ್ರಶ್ನೆಗೂ ಎನ್ ಒತ್ತಿದ್ದೆ.

"ರೊಟ್ಟೀನೂ ತಿರುವಿ ಹಾಕಿ ನೋಡ್ತೀವಲ್ಲ ಸರ್," ಎಂದರು ಗೌರಮ್ಮ. "ನಾವಿಬ್ರೂ ಇದನ್ನ ತಿರುವಲೇ ಇಲ್ಲ."

ಸಾಬರು ಸ್ಟಿಕರನ್ನು ದೂರ ಹಿಡಿದು ಓದಿ ಬಿದ್ದು ಬಿದ್ದು ನಕ್ಕರು. "ಅರೆ, ಆಧಾರ್‌ನಾಗೆ ನಂದೂ ಒಂದನೇ ಜನವರಿನೇ! ನಮ್ಮಮ್ಮನಿಗೆ ತಾರೀಖು ಗೊತ್ತಿರ್ಲಿಲ್ಲ, ಸ್ಕೂಲ್ ಮೇಷ್ಟ್ರು ಬರ್ಕಂಡ್ರು. ಇದಕ್ಕೆ ನೀವು ಬರೆದ್ರಿ. ಮೇಷ್ಟ್ರುಗಳೆಲ್ಲ ಒಂದೇ ಬಿಡ್ರಿ."

ಒಂದಕ್ಷರ ಬದಲಿಸಿ ಮತ್ತೆ ಕಟ್ಟಿದರೆ ಆಯಿತು, ನಾಳೆಯೇ ತರುತ್ತೇನೆ ಎಂದೆ. ಹೂ ಹಾಕಿದ ಮಷೀನು ಬಿಚ್ಚಬ್ಯಾಡ್ರಿ ಎಂದರು ಸಾಬರು. ಸುಗ್ಗಿ ಮುಗಿಯಲಿ ಎಂದರು. ಸುಗ್ಗಿ ಮುಗಿದ ಮೇಲೆ ಹೋದರೆ, ಬೇಡವೆಂದದ್ದು ಗೌರಮ್ಮ. "ಓಡ್ತಿರೋದನ್ನ ಮುಟ್ಟಬ್ಯಾಡ್ರಿ ಸರ್. ತಾರೀಖು ನಾನು ಬರೀತೀನಿ. ಅದಕ್ಕೆ ಗೊತ್ತಿಲ್ಲದ್ದು ಒಂದಾದ್ರೂ ನನಗೆ ಗೊತ್ತಿರ್ಲಿ."

ಹೋದ ವಾರ ಆಟೋ ನಿಲ್ಲಿಸಿ ಒಳಗೆ ಹೋದಾಗ ಮಷೀನು ಓಡುತ್ತಿತ್ತು, ಅದೇ ಕರ್ನಲ್ಲಿನ ಮೇಲೆ, ಒಂದಕ್ಷರವೂ ಬದಲಾಗದೆ. ಅದರ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಆ ದಿನದ ತಾರೀಖು ದುಂಡಗೆ ಬರೆದಿತ್ತು. "ಬರ್ರಿ ಸರ್," ಎಂದರು ಗೌರಮ್ಮ, ಮಷೀನಿನಿಂದ ಕಣ್ಣು ತೆಗೆಯದೆ. ಹೊರಡುವಾಗ ಒಂದು ಸ್ಟಿಕರ್ ಹೊಡೆದು ಕೈಗಿತ್ತರು. ಅದನ್ನು ತಂದು ಹಳೆಯ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ, ಮೂವತ್ತೊಂದರ ಕೆಳಗೆ ಅಂಟಿಸಿದ್ದೇನೆ.

೩೨. ಜನವರಿ ಒಂದು, ೧೯೭೦.